ಉದ್ದ ಕೂದಲ ಮೊಲ, ಕಲಬುರಗಿಯ ಬಿಸಿಲು

ಪ್ರಾಣಿಗಳ ಆಶ್ರಯಧಾಮಕ್ಕೆ ಹೋಗಿ ಮೊಲ ದತ್ತು ಕೇಳಿದರೆ ಅಲ್ಲಿನವರು ನಿಮ್ಮನ್ನು ಕೂರಿಸಿ ಪ್ರಶ್ನೆ ಕೇಳುತ್ತಾರೆ. ಮನೆ ಸ್ವಂತದ್ದೋ ಬಾಡಿಗೆಯದೋ, ಮನೆಯಲ್ಲಿ ನಾಯಿ ಬೆಕ್ಕು ಇವೆಯೋ, ಮದುವೆ ಮುಂಜಿ ಅಂತ ನಾಲ್ಕು ದಿನ ಊರು ಬಿಟ್ಟರೆ ನೋಡಿಕೊಳ್ಳುವವರು ಯಾರು ಎಂದೆಲ್ಲ. ಕಲಬುರಗಿಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕಡೆಯಿಂದ ಉದ್ದ ಕೂದಲಿನ ಮೊಲ ಕೇಳಿಕೊಂಡು ಹೋದವರಿಗೆ ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಕರೆಂಟ್ ಹೋದರೆ ಇದನ್ನು ಎಲ್ಲಿ ಇಡುತ್ತೀರಿ?

ನಮ್ಮ ಕಡೆ ಬೇಸಿಗೆ 42 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಮೊಲಕ್ಕೆ ಹಿತವಾಗುವುದು 15ರಿಂದ 20 ಡಿಗ್ರಿ ಆಸುಪಾಸಿನ ಹವೆ. 28 ದಾಟಿದರೆ ಅದಕ್ಕೆ ಕಷ್ಟ ಶುರು, 32ರ ಮೇಲೆ ಜೀವಕ್ಕೇ ಅಪಾಯ. ಮೊಲ ಬೆವರುವುದಿಲ್ಲ. ನಾಯಿಯ ಹಾಗೆ ನಾಲಿಗೆ ಚಾಚಿ ತೇಕಿ ಮೈ ತಂಪು ಮಾಡಿಕೊಳ್ಳುವುದೂ ಅದಕ್ಕೆ ಸರಿಯಾಗಿ ಬರುವುದಿಲ್ಲ. ಒಳಗಿನ ಕಾವನ್ನು ಹೊರಗೆ ಹಾಕಲು ಇರುವ ಮುಖ್ಯ ದಾರಿ ಎಂದರೆ ಆ ಎರಡು ಕಿವಿಗಳು, ಅವುಗಳೊಳಗಿನ ತೆಳು ರಕ್ತನಾಳಗಳು. ಇಂಥ ಪ್ರಾಣಿಗೆ ಮೈತುಂಬ ನಾಲ್ಕೈದು ಅಂಗುಲ ಉಣ್ಣೆ ಹೊದಿಸಿ ಭೀಮಾ ತೀರಕ್ಕೆ ತರುವುದು ಎಂದರೇನು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಆ ಕೂದಲಿಗೆ ಮನಸೋತವರು ಈ ಮೊಲವನ್ನು ತರಬಾರದು. ಆ ಕೂದಲನ್ನು ಕತ್ತರಿಸಿ ಎಸೆಯುವ ಮನಸ್ಸಿದ್ದವರು ತರಬಹುದು. ಅಂಗಡಿಯಿಂದ ಯಾರೂ ತರಬಾರದು.

ಮೊಲಕ್ಕೆ ಇಷ್ಟು ಕೂದಲು ಬಂದದ್ದು ಪ್ರಕೃತಿಯಿಂದಲ್ಲ, ಮನುಷ್ಯನ ಆಸೆಯಿಂದ. ಸಾಕುಮೊಲಗಳೆಲ್ಲ ಸ್ಪೇನ್, ಪೋರ್ಚುಗಲ್ ಕಡೆಯ ಕಾಡುಮೊಲದ ಸಂತಾನ. ಆ ಮೂಲದ ಮೊಲದ ಕೂದಲು ಗಿಡ್ಡ. ಉದ್ದ ಕೂದಲಿನ ತಳಿಗೆ ಅಂಗೋರಾ ಎಂಬ ಹೆಸರು ಬಂದದ್ದು ತುರ್ಕಿಯ ಅಂಕಾರಾ ಊರಿನಿಂದ. ಅದನ್ನು ಬೆಳೆಸಿ ಮೆರೆಸಿದ್ದು 18ನೇ ಶತಮಾನದ ಫ್ರಾನ್ಸ್. ಇವತ್ತು ಇಂಗ್ಲಿಷ್, ಫ್ರೆಂಚ್, ಜರ್ಮನ್ ಅಂಗೋರಾಗಳೆಂದು ಬೇರೆ ಬೇರೆ ತಳಿಗಳಿವೆ. ಕತ್ತಿನ ಸುತ್ತ ಮಾತ್ರ ಕೇಸರ ಇರುವ ಲಯನ್‌ಹೆಡ್ ಕೂಡ ಇದೆ. ಜರ್ಮನ್ ಅಂಗೋರಾದ ಕೂದಲು ತಾನಾಗಿ ಉದುರುವುದಿಲ್ಲ, ತಿಂಗಳಿಗೆ ಸುಮಾರು ಒಂದಂಗುಲ ಬೆಳೆಯುತ್ತಲೇ ಹೋಗುತ್ತದೆ. ಕತ್ತರಿಸುವವರಿಲ್ಲದಿದ್ದರೆ ಆ ಮೊಲ ತನ್ನ ಕೂದಲಿನೊಳಗೇ ಸೆರೆಯಾಗುತ್ತದೆ.

ಆ ಎಳೆಯ ದಪ್ಪ 12-13 ಮೈಕ್ರಾನ್. ಡೆಕ್ಕನಿ ಕುರಿಯ ಕಂಬಳಿ ಹೊದ್ದು ಬೆಳೆದ ನಮಗೆ ಅದು ಉಣ್ಣೆ ಅನ್ನಿಸುವುದೇ ಇಲ್ಲ, ಅಷ್ಟು ನಯ. ಆ ನಯಕ್ಕಾಗಿ ನಡೆದದ್ದೆಲ್ಲ ನಯವಾದದ್ದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಹಿಟ್ಲರನ ಎಸ್‌ಎಸ್ ಪಡೆ ಡಾಕೌ, ಬೂಕನ್‌ವಾಲ್ಡ್‌ನಂಥ ಯಾತನಾ ಶಿಬಿರಗಳಲ್ಲಿ ಅಂಗೋರಾ ಮೊಲಗಳನ್ನು ಸಾಕಿತ್ತು. ಕೈದಿಗಳು ಹಸಿವಿನಿಂದ ಸಾಯುತ್ತಿದ್ದ ಆವರಣದಲ್ಲೇ ಮೊಲಗಳಿಗೆ ಒಪ್ಪವಾದ ಗೂಡು, ಹೊಟ್ಟೆತುಂಬ ಮೇವು. ಆ ಯೋಜನೆಯ ಫೋಟೊ ಆಲ್ಬಂ ಯುದ್ಧದ ಕೊನೆಗೆ ಸಿಗ್ರಿಡ್ ಶುಲ್ಟ್ಸ್ ಎಂಬ ಅಮೆರಿಕದ ಪತ್ರಕರ್ತೆಯ ಕೈಗೆ ಸಿಕ್ಕಿತು. 2013ರಲ್ಲಿ ಚೀನಾದ ಫಾರ್ಮುಗಳಲ್ಲಿ ಜೀವಂತ ಮೊಲದ ಕೂದಲು ಕೀಳುವ ದೃಶ್ಯಗಳು ಹೊರಬಿದ್ದಾಗ ಎಚ್ ಅಂಡ್ ಎಂ ಸೇರಿದಂತೆ ಹಲವು ಬಟ್ಟೆ ಕಂಪನಿಗಳು ಅಂಗೋರಾ ಕೊಳ್ಳುವುದನ್ನು ನಿಲ್ಲಿಸಿದವು.

ನಮ್ಮ ದೇಶದಲ್ಲೂ ಅಂಗೋರಾ ಸಾಕಣೆ ಉಂಟು, ಆದರೆ ಎಲ್ಲಿ ಎಂಬುದನ್ನು ನೋಡಿ. ಹಿಮಾಚಲದ ಕುಲ್ಲು ಬಳಿಯ ಗಾರ್ಸಾದಲ್ಲಿ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. ಉತ್ತರಾಖಂಡ, ಸಿಕ್ಕಿಂಗಳಲ್ಲಿ ಸಾಕುವವರಿದ್ದಾರೆ. ಅದೇ ಸಂಸ್ಥೆ ದಕ್ಷಿಣದಲ್ಲಿ ಮೊಲ ಸಾಕಲು ಆರಿಸಿಕೊಂಡದ್ದು ಕೊಡೈಕನಾಲ್ ಬೆಟ್ಟದ ಮನ್ನವನೂರನ್ನು. ಅದೂ ಮಾಂಸದ ತಳಿಗಳಿಗೆ, ಗಿಡ್ಡ ಕೂದಲಿನವಕ್ಕೆ. ಬಲ್ಲವರು ಮೊಲವನ್ನು ಬೆಟ್ಟಕ್ಕೆ ಒಯ್ಯುತ್ತಾರೆ. ಬಯಲುಸೀಮೆಗೆ ಅದನ್ನು ತರುವುದು ಸಾಕುಪ್ರಾಣಿ ಅಂಗಡಿ.

ಅಂಗಡಿಯಿಂದ ಆಶ್ರಯಧಾಮದವರೆಗಿನ ಕಥೆ ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ. ಅಂಗೈಯಲ್ಲಿ ಕೂರುವ ಮರಿ, ತಾಯಿಯ ಹಾಲು ಬಿಟ್ಟು ಇನ್ನೂ ಹೆಚ್ಚು ದಿನ ಆಗಿರುವುದಿಲ್ಲ. ‘ಒಂಟಿ ಇದ್ದರೆ ಬೇಜಾರಾಗ್ತದ, ಜೋಡಿ ಒಯ್ಯಿರಿ, ಎರಡೂ ಹೆಣ್ಣೇ ಅವ’ ಎಂದು ಅಂಗಡಿಯವ ಹೇಳುತ್ತಾನೆ. ಆ ವಯಸ್ಸಿನಲ್ಲಿ ಗಂಡು ಹೆಣ್ಣು ಗುರುತಿಸುವುದು ಪಳಗಿದ ಕಣ್ಣಿಗೂ ಕಷ್ಟ. ನಾಲ್ಕೈದು ತಿಂಗಳಿಗೆ ಮರಿಗಳು ದೊಡ್ಡವಾಗುತ್ತವೆ. ಗಬ್ಬ ನಿಂತ 31 ದಿನಕ್ಕೆ ಆರೇಳು ಮರಿ. ಹೆತ್ತ ದಿನವೇ ಹೆಣ್ಣುಮೊಲ ಮತ್ತೆ ಗಬ್ಬವಾಗಬಲ್ಲದು. ಅಷ್ಟರಲ್ಲಿ ಮಕ್ಕಳಿಗೆ ಪರೀಕ್ಷೆ, ಅಜ್ಜಿಗೆ ವಾಸನೆ, ಮೊಬೈಲ್ ಚಾರ್ಜರಿನ ವೈರು ತುಂಡು. ಉದ್ದ ಕೂದಲಿನದ್ದಾದರೆ ಬೆನ್ನ ಮೇಲೆ ಕೂದಲು ಜಡೆಗಟ್ಟಿ ಚಾಪೆಯಾಗಿರುತ್ತದೆ. ಆಗ ಯಾರಾದರೂ ಹಿರಿಯರು ಹೇಳುತ್ತಾರೆ, ‘ಏ ತಮ್ಮಾ, ಹೊಲದಾಗ ಬಿಟ್ಟು ಬಾ, ಹುಲ್ಲ ತಿಂದು ಬದುಕ್ತದ.’

ಬದುಕುವುದಿಲ್ಲ. ನಮ್ಮ ತೊಗರಿ ಹೊಲಗಳಲ್ಲಿ ಬದುಕುವ ಮೊಲವೇ ಬೇರೆ, ಈ ಮೊಲವೇ ಬೇರೆ. ಎರಡಕ್ಕೂ ನಾವು ಒಂದೇ ಹೆಸರು ಹಿಡಿದು ಕರೆಯುವುದರಿಂದ ಒಂದೇ ಜಾತಿ ಅಂದುಕೊಂಡಿದ್ದೇವೆ. ಹೊಲದ ಮೊಲ ಬಿಲ ತೋಡುವುದಿಲ್ಲ, ಹುಲ್ಲಿನ ಮರೆಯಲ್ಲೇ ಇರುತ್ತದೆ. ಅದರ ಮರಿ ಕಣ್ಣು ತೆರೆದು, ಮೈಮೇಲೆ ಕೂದಲು ಹೊತ್ತೇ ಹುಟ್ಟುತ್ತದೆ. ಸಾಕುಮೊಲದ ಮರಿ ಕಣ್ಣುಮುಚ್ಚಿ ಬೆತ್ತಲೆ ಹುಟ್ಟುತ್ತದೆ. ಇವೆರಡಕ್ಕೂ ಕೂಡಿ ಮರಿಯಾಗುವುದಿಲ್ಲ. ಬಿಳಿ ಉಣ್ಣೆಯ ಸಾಕುಮೊಲವನ್ನು ಎರೆಹೊಲದ ಕರಿ ಮಣ್ಣಿನ ಮೇಲೆ ಬಿಟ್ಟರೆ ಅದು ಹದ್ದಿಗೂ ನಾಯಿಗೂ ಅರ್ಧ ಮೈಲಿಯಿಂದಲೇ ಕಾಣುತ್ತದೆ. ಹಾಗೆ ಬಿಟ್ಟು ಬರುವುದು ಪ್ರಾಣಿಹಿಂಸೆ ತಡೆ ಕಾಯ್ದೆ, 1960ರ 11ನೇ ಕಲಮಿನ ಪ್ರಕಾರ ಅಪರಾಧವೂ ಹೌದು. ಮೊದಲ ತಪ್ಪಿಗೆ ದಂಡ ಎಷ್ಟು ಗೊತ್ತೇ? ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಆ ಮೊಲದ ಕೂದಲು ಬಾಚುವ ಬಾಚಣಿಕೆಗೆ ಇದಕ್ಕಿಂತ ಹೆಚ್ಚು ಬೆಲೆ.

ಇದರ ತಿರುವುಮುರುವಿನ ಮಾತನ್ನೂ ಇಲ್ಲೇ ಹೇಳಬೇಕು. ಜೋಳದ ರಾಶಿಯ ಕಾಲದಲ್ಲಿ ಹೊಲದಲ್ಲಿ ಸಿಕ್ಕ ಮರಿಯನ್ನು ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ತರುವ ರೂಢಿ ನಮ್ಮಲ್ಲಿದೆ. ತಾಯಿ ಬಿಟ್ಟು ಹೋಗಿದೆ ಎಂಬುದು ಸಮಜಾಯಿಷಿ. ತಾಯಿ ಬಿಟ್ಟಿರುವುದಿಲ್ಲ. ಹೊಲದ ಮೊಲ ಹಗಲು ಮರಿಯಿಂದ ದೂರ ಇದ್ದು, ಹೊತ್ತು ಮುಳುಗಿದ ಮೇಲೆ ಬಂದು ಹಾಲುಣಿಸಿ ಹೋಗುವ ಪ್ರಾಣಿ. ಅದು 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ, ಸಾಕುವಂತಿಲ್ಲ. ಮರಿ ಸಿಕ್ಕರೆ ಅದೇ ಬದುವಿನ ಮರೆಯಲ್ಲಿ ಬಿಟ್ಟು ಸರಿದುಬಿಡಿ.

ಆಶ್ರಯಧಾಮದ ದೊಡ್ಡ ಮೊಲ ಅಂಗಡಿಯ ಮರಿಗಿಂತ ಮೇಲು ಎಂದು ನಾನು ಹೇಳುವುದು ಬರೀ ದಯೆಯ ಮಾತಲ್ಲ, ಲೆಕ್ಕಾಚಾರದ ಮಾತು. ಮರಿಯ ಕೂದಲು ಮುಂದೆ ಎಷ್ಟು ಬೆಳೆಯುತ್ತದೆ, ಸ್ವಭಾವ ಹೇಗಿರುತ್ತದೆ, ಗಂಡೋ ಹೆಣ್ಣೋ, ಯಾವುದೂ ಗೊತ್ತಿರುವುದಿಲ್ಲ. ಬೆಳೆದ ಮೊಲದಲ್ಲಿ ಎಲ್ಲವೂ ಕಣ್ಣೆದುರಿಗಿದೆ. ಒಳ್ಳೆಯ ಆಶ್ರಯಧಾಮ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಯೇ ಕೊಡುತ್ತದೆ. ಹೆಣ್ಣುಮೊಲಕ್ಕೆ ಇದು ಮರಿ ತಡೆಯುವುದಕ್ಕಷ್ಟೇ ಅಲ್ಲ. ಶಸ್ತ್ರಚಿಕಿತ್ಸೆಯಾಗದ ಹೆಣ್ಣುಮೊಲಗಳಲ್ಲಿ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ತೀರಾ ಸಾಮಾನ್ಯ. ಜೊತೆಗೆ, ಸಂತಾನಹರಣವಾದ ಮೊಲ ಒಂದೇ ಮೂಲೆಯ ತಟ್ಟೆಯಲ್ಲಿ ಉಚ್ಚೆ ಹೊಯ್ಯುವುದನ್ನು ಬೇಗ ಕಲಿಯುತ್ತದೆ, ಅಜ್ಜಿಯ ತಕರಾರು ಅರ್ಧ ಕಡಿಮೆಯಾಗುತ್ತದೆ.

ಮೊಲವನ್ನು ಮನೆಯೊಳಗಿನ ಪ್ರಾಣಿಯಾಗಿ ಸಾಕಬೇಕು, ಬಿಟ್ಟವುಗಳನ್ನು ದತ್ತು ಕೊಡಬೇಕು ಎಂಬ ಚಳವಳಿ ಗಟ್ಟಿಯಾದದ್ದು 1988ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೌಸ್ ರ‍್ಯಾಬಿಟ್ ಸೊಸೈಟಿ ಶುರುವಾದ ಮೇಲೆ. ಅಲ್ಲಿ ಈಸ್ಟರ್ ಹಬ್ಬಕ್ಕೆ ಮಕ್ಕಳಿಗೆ ಮೊಲ ಕೊಡಿಸಿ ಬೇಸಿಗೆಗೆ ಬೀದಿಗೆ ಬಿಡುವ ಚಾಳಿ. ನಮ್ಮಲ್ಲಿ ಪ್ರಾಣಿ ಆಶ್ರಯಧಾಮ ಎಂದರೆ ಮುಖ್ಯವಾಗಿ ನಾಯಿ, ಬೆಕ್ಕು, ದನ. ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಬೆಂಗಳೂರಲ್ಲಿ ಕಟ್ಟಿದ ಕ್ಯೂಪಾ, 1992ರಲ್ಲಿ ಅಮಲಾ ಅಕ್ಕಿನೇನಿ ಹೈದರಾಬಾದಿನಲ್ಲಿ ಕಟ್ಟಿದ ಬ್ಲೂ ಕ್ರಾಸ್ ಈ ಕ್ಷೇತ್ರದ ಹಳೆಯ ಹೆಸರುಗಳು. ಮೂರು ತಾಲ್ಲೂಕಿನವರಿಗೂ ಬೆಂಗಳೂರೆಂದರೆ ಒಂದು ರಾತ್ರಿಯ ರೈಲು. ಹೈದರಾಬಾದ್ ಅದರ ಅರ್ಧಕ್ಕಿಂತ ಕಡಿಮೆ ದೂರ, ಆಳಂದದವರಿಗೆ ಸೊಲ್ಲಾಪುರ ಇನ್ನೂ ಹತ್ತಿರ. ಎಲ್ಲೇ ಆಗಲಿ, ಮೊದಲು ಫೋನ್ ಮಾಡಿ ಮೊಲ ಇದೆಯೇ, ಹೊರಜಿಲ್ಲೆಗೆ ಕೊಡುತ್ತಾರೆಯೇ ಕೇಳಿ. ಮನೆ ನೋಡದೆ ಕೊಡುವುದಿಲ್ಲ ಎಂದರೆ ಸಿಟ್ಟಾಗಬೇಡಿ. ಅಂಥವರೇ ಒಳ್ಳೆಯವರು.

ಮೊಲ ತೋರಿಸಿದಾಗ ಮುಖ ನೋಡಿ ಒಪ್ಪಿಕೊಳ್ಳಬೇಡಿ, ಹಿಂಭಾಗ ನೋಡಿ. ಬಾಲದ ಕೆಳಗೆ ಕೂದಲು ಒಣಗಿ ಸ್ವಚ್ಛವಾಗಿದ್ದರೆ ಅರ್ಧ ಆರೋಗ್ಯ ಗೊತ್ತಾದಂತೆ. ಆಮೇಲೆ ತುಟಿ ಸರಿಸಿ ಮುಂದಿನ ಹಲ್ಲು ನೋಡಲು ಹೇಳಿ. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತದೆ, ವಾರಕ್ಕೆ ಎರಡು ಮೂರು ಮಿಲಿಮೀಟರ್. ಮೇಲಿನದು ಕೆಳಗಿನದಕ್ಕೆ ಕೂಡದಿದ್ದರೆ ಜೀವನಪರ್ಯಂತ ಡಾಕ್ಟರ ಹತ್ತಿರ ಕತ್ತರಿಸಬೇಕಾಗುತ್ತದೆ. ಕಿವಿಯ ಅಂಚು, ಮೂಗಿನ ಮೇಲೆ ಬಿಳಿ ಹೊಪ್ಪಳೆ ಇದ್ದರೆ ಕಜ್ಜಿ. ಕಜ್ಜಿ ವಾಸಿಯಾಗುವ ರೋಗ, ಅದಕ್ಕೆ ಹೆದರಿ ಬಿಡಬೇಕಿಲ್ಲ. ಇನ್ನು, ಕಿವಿ ಹಿಡಿದು ಎತ್ತುವ ಪದ್ಧತಿಯನ್ನು ಮರೆತುಬಿಡಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಪೃಷ್ಠದ ಕೆಳಗೆ ಇರಬೇಕು. ಹಿಂಗಾಲಿಗೆ ಆಸರೆ ಇಲ್ಲದಾಗ ಅದು ಒದ್ದ ರಭಸಕ್ಕೆ ಅದರ ಬೆನ್ನುಮೂಳೆಯೇ ಮುರಿಯಬಹುದು.

ಮನೆಗೆ ಬಂದ ಮೇಲಿನ ಕೆಲಸದಲ್ಲಿ ಮುಕ್ಕಾಲು ಪಾಲು ಕೂದಲಿನದು. ಜಡೆಗಟ್ಟುವ ಜಾಗಗಳು ಗೊತ್ತಿರುವಂಥವೇ: ಕಿವಿಯ ಹಿಂದೆ, ಗದ್ದದ ಕೆಳಗೆ, ಮುಂಗಾಲಿನ ಕಂಕುಳು, ಬಾಲದ ಸುತ್ತ. ಮೊಲವನ್ನು ಮಡಿಲಲ್ಲೋ ಟವೆಲ್ ಹಾಸಿದ ಮೇಜಿನ ಮೇಲೋ ಕೂರಿಸಿ, ಒಬ್ಬರು ಹಿಡಿದುಕೊಳ್ಳಬೇಕು. ಗಂಟನ್ನು ಬೆರಳಲ್ಲಿ ಹಿಡಿದು ಎಳೆಯಬಾರದು. ಎಳೆದರೆ ಚರ್ಮ ಡೇರೆಯಂತೆ ಮೇಲೆದ್ದು ಬರುತ್ತದೆ, ಎಲ್ಲಿ ಕೂದಲು ಮುಗಿದು ಎಲ್ಲಿ ಚರ್ಮ ಶುರುವಾಯಿತು ಎಂಬುದು ಬಿಳಿ ಮೊಲದಲ್ಲಿ ಕಾಣುವುದೇ ಇಲ್ಲ. ಗಂಟಿಗೂ ಚರ್ಮಕ್ಕೂ ನಡುವೆ ಸಣ್ಣ ಹಲ್ಲಿನ ಬಾಚಣಿಕೆಯನ್ನು ಅಡ್ಡ ತೂರಿಸಿ ಅಲ್ಲೇ ನಿಲ್ಲಿಸಬೇಕು. ಆಮೇಲೆ ಮೊಂಡು ತುದಿಯ ಕತ್ತರಿಯನ್ನು ಬಾಚಣಿಕೆಯ ಹೊರಬದಿಯಲ್ಲಿ ಇಟ್ಟು ಚಿಕ್ಕ ಚಿಕ್ಕದಾಗಿ ಕತ್ತರಿಸಬೇಕು. ಒಂದು ಗಂಟಾದ ಮೇಲೆ ಬಿಟ್ಟುಬಿಡಿ, ಒಂದೆರಡು ಕೊತ್ತಂಬರಿ ಎಲೆ ಕೊಡಿ, ಇನ್ನೊಂದನ್ನು ಸಂಜೆ ನೋಡಿಕೊಳ್ಳಿ. ಹಠ ಹಿಡಿದು ಒಂದೇ ಸಲಕ್ಕೆ ಎಲ್ಲ ಬಿಡಿಸಲು ಹೋದರೆ ಮೊಲಕ್ಕೂ ನಿಮಗೂ ಮರುದಿನ ಮುಖ ನೋಡುವ ಮನಸ್ಸಿರುವುದಿಲ್ಲ.

ಕುರಿ ಉಣ್ಣೆ ಕತ್ತರಿಸುವ ಕೈ ನಮ್ಮ ಭಾಗದಲ್ಲಿ ಊರೂರಲ್ಲಿದೆ, ಅವರನ್ನೇ ಕರೆಸಿದರಾಯಿತು ಎಂದು ಕೆಲವರಿಗೆ ಅನ್ನಿಸಬಹುದು. ಆ ಕೈಚಳಕಕ್ಕೆ ನಮಸ್ಕಾರ, ಆದರೆ ಕುರಿಯ ಚರ್ಮಕ್ಕೂ ಮೊಲದ ಚರ್ಮಕ್ಕೂ ಹೋಲಿಕೆಯಿಲ್ಲ. ದೊಡ್ಡ ಕತ್ತರಿ ತಾಗಿದರೆ ಮೊಲದ ಚರ್ಮ ಹರಿದೇ ಹೋಗುತ್ತದೆ. ಸ್ನಾನ ಮಾಡಿಸಿ ಗಂಟು ಬಿಡಿಸುತ್ತೇನೆ ಎಂದೂ ಹೋಗಬೇಡಿ. ನೀರಲ್ಲಿ ಮುಳುಗಿಸಿದ ಮೊಲ ಗಾಬರಿಯಿಂದಲೇ ಪ್ರಾಣ ಬಿಡಬಹುದು, ಒದ್ದೆಯಾದ ಉಣ್ಣೆಯ ಗಂಟು ಇನ್ನೂ ಬಿಗಿಯಾಗುತ್ತದೆ.

‘ಯವ್ವಾ, ಇದರ ಮೈಯಾಗ ಹುಳ ಬೀಳಲ್ಲೇನು?’ ಎಂದು ದನಕರು ಸಾಕಿದ ಮನೆಯ ಹಿರಿಯರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಉಚ್ಚೆ ಹಿಕ್ಕೆ ಮೆತ್ತಿದ ಕೂದಲಿಗೆ ನೊಣ ಕೂತು ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳ ಚರ್ಮಕ್ಕಿಳಿಯುತ್ತವೆ. ಮಳೆಗಾಲದಲ್ಲಿ ದಿನಕ್ಕೆರಡು ಸಲ ಬಾಲದ ಕೆಳಗೆ ನೋಡಬೇಕು. ಕೂದಲಿನ ಇನ್ನೊಂದು ಅಪಾಯ ಹೊಟ್ಟೆಯೊಳಗಿನದು. ಮೊಲ ಮೈ ನೆಕ್ಕಿಕೊಳ್ಳುವಾಗ ಕೂದಲು ನುಂಗುತ್ತದೆ, ಅದಕ್ಕೆ ವಾಂತಿ ಮಾಡಿಕೊಳ್ಳಲು ಬರುವುದಿಲ್ಲ. ಹಿಕ್ಕೆಗಳು ಕೂದಲೆಳೆಯಲ್ಲಿ ಒಂದಕ್ಕೊಂದು ಪೋಣಿಸಿಕೊಂಡು ಬಂದರೆ ಅದು ಮುನ್ಸೂಚನೆ. ಹನ್ನೆರಡು ತಾಸು ಮೊಲ ತಿನ್ನದೆ, ಹಿಕ್ಕೆ ಹಾಕದೆ ಕೂತರೆ ‘ನಾಳೆ ನೋಡೋಣ’ ಎನ್ನುವಂತಿಲ್ಲ.

ಇಷ್ಟೆಲ್ಲ ಉಸಾಬರಿಗೆ ನಮ್ಮ ಹವೆಯಲ್ಲಿ ಒಂದೇ ಪರಿಹಾರ: ವರ್ಷವಿಡೀ ಒಂದಂಗುಲಕ್ಕಿಂತ ಹೆಚ್ಚು ಕೂದಲು ಬಿಡದಿರುವುದು. ಪೂರ್ತಿ ಬೋಳಿಸಿದರೆ ಬಿಸಿಲಿಗೆ ಚರ್ಮ ಸುಡುತ್ತದೆ, ಒಂದಿಷ್ಟು ಉಳಿಸಬೇಕು. ಆಗ ಅದು ಫೋಟೊದಲ್ಲಿ ಕಂಡ ಮೊಲದಂತೆ ಕಾಣುವುದಿಲ್ಲ. ನೆಂಟರು ಬಂದು ‘ಇದೇನ್ರಿ, ಬಡಕಲು ಆಗ್ಯದ’ ಎನ್ನುತ್ತಾರೆ. ಅನ್ನಲಿ.

ಬೇಸಿಗೆಗೆ ನಮ್ಮಲ್ಲೇ ಇರುವ ಒಂದು ಅನುಕೂಲವನ್ನು ಬೆಂಗಳೂರಿನವರು ಹೇಳಿಕೊಡಲಾರರು. ಅದು ಶಹಾಬಾದ್ ಫರಸಿ. ಹಳೆಯ ಮಣ್ಣಿನ ಮಾಳಿಗೆ ಮನೆಯ ಒಳಕೋಣೆಯಲ್ಲಿ ಆ ಕಲ್ಲು ಮಧ್ಯಾಹ್ನದಲ್ಲೂ ತಣ್ಣಗಿರುತ್ತದೆ. ಮೊಲ ಅದರ ಮೇಲೆ ಹೊಟ್ಟೆ ಹಚ್ಚಿ ಕಾಲು ಚಾಚಿ ಮಲಗಿದರೆ ನೆಮ್ಮದಿಯಾಗಿದೆ ಎಂದರ್ಥ. ಆದರೆ ಇಡೀ ದಿನ ಕಲ್ಲೇ ಆದರೂ ಆಗದು. ಮೊಲದ ಪಾದಕ್ಕೆ ನಾಯಿಗಿರುವ ಮೆತ್ತೆ ಇಲ್ಲ, ಗಟ್ಟಿ ನೆಲ, ತಂತಿಯ ಪಂಜರ ಎರಡರಲ್ಲೂ ಹಿಮ್ಮಡಿ ಹುಣ್ಣಾಗುತ್ತದೆ. ಪಕ್ಕದಲ್ಲಿ ಹಳೆಯ ಕೌದಿಯೊಂದನ್ನು ಮಡಚಿ ಹಾಸಿ, ತನಗೆ ಬೇಕಾದಲ್ಲಿ ಅದು ಕೂರಲಿ. ಒಣಹವೆಯ ನಮ್ಮ ಏಪ್ರಿಲ್, ಮೇ ತಿಂಗಳಿಗೆ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಕರೆಂಟ್ ಹೋದಾಗಿನ ಬಂದೋಬಸ್ತಿಗೆ ಫ್ರಿಜ್ಜಿನಲ್ಲಿ ಎರಡು ನೀರಿನ ಬಾಟಲಿ ಹೆಪ್ಪುಗಟ್ಟಿಸಿಟ್ಟು, ಬಟ್ಟೆ ಸುತ್ತಿ ಮೊಲದ ಪಕ್ಕ ಇಡಿ. ಕಿವಿ ಕೆಂಪೇರಿ, ಬಾಯಿ ತೆರೆದು ಉಸಿರಾಡುತ್ತ, ಗದ್ದ ಒದ್ದೆಯಾಗಿದ್ದರೆ ಅದು ಸಾವಿನ ಅಂಚಿನಲ್ಲಿದೆ. ತಣ್ಣೀರಲ್ಲಿ ಅದ್ದಬೇಡಿ. ಒದ್ದೆ ಬಟ್ಟೆಯಿಂದ ಕಿವಿ ಒರೆಸುತ್ತ ಡಾಕ್ಟರ ಹತ್ತಿರ ಓಡಿ. ತಗಡಿನ ಶೀಟಿನ ಮನೆಯಾದರೆ ಈ ಮೊಲದ ಆಸೆಯನ್ನೇ ಬಿಡುವುದು ಒಳ್ಳೆಯದು.

ತಿನ್ನುವುದಕ್ಕೆ ಗಜ್ಜರಿಯೇ ಮುಖ್ಯ ಎಂದು ಚಿತ್ರಪುಸ್ತಕ ಕಲಿಸಿದ್ದು ಸುಳ್ಳು. ಅದು ಸಿಹಿತಿಂಡಿ, ವಾರಕ್ಕೆರಡು ಬಿಲ್ಲೆ ಸಾಕು. ಮೊಲದ ಊಟದಲ್ಲಿ ಹತ್ತರಲ್ಲಿ ಎಂಟು ಪಾಲು ಒಣಹುಲ್ಲೇ ಇರಬೇಕು. ಹಲ್ಲು ಸವೆಯುವುದೂ, ನುಂಗಿದ ಕೂದಲು ಮುಂದೆ ಸಾಗುವುದೂ ಅದರಿಂದಲೇ. ಆನ್‌ಲೈನಿನಲ್ಲಿ ಬರುವ ವಿದೇಶಿ ಟಿಮೊಥಿ ಹುಲ್ಲಿಗೆ ದುಬಾರಿ ಬೆಲೆ. ಗರಿಕೆಯನ್ನು ಕೊಯ್ದು ನೆರಳಲ್ಲಿ ಒಣಗಿಸಿಟ್ಟರೆ ಕೆಲಸ ನಡೆಯುತ್ತದೆ. ಕೊಯ್ಯುವಾಗ ಕಾಂಗ್ರೆಸ್ ಕಸ ಬೆರೆಯದಂತೆ ನೋಡಿ. ತೊಗರಿಗೆ ಕಾಯಿಕೊರಕದ ಔಷಧ ಹೊಡೆಯುವ ದಿನಗಳಲ್ಲಿ ಬದುವಿನ ಹುಲ್ಲು ಮುಟ್ಟಲೇಬೇಡಿ. ಎಳೆ ಜೋಳದ ಚಿಗುರು ದನಕ್ಕೇ ವಿಷ ಎಂಬುದು ರೈತರಿಗೆ ಗೊತ್ತು, ಮೊಲಕ್ಕೂ ಅದೇ. ಪ್ರೀತಿಯಿಂದ ರೊಟ್ಟಿ, ಬಿಸ್ಕತ್ತು, ಬೆಲ್ಲ ಕೊಡುವ ಕೈಗಳನ್ನು ತಡೆಯುವುದೇ ದೊಡ್ಡ ಕೆಲಸ. ಪೇರಲದ ಕಡ್ಡಿ ಕೊಡಲಿ, ಕಡಿಯುತ್ತ ಕೂರುತ್ತದೆ. ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುವುದನ್ನು ಕಂಡು ಹೇಸಬೇಡಿ. ಅದು ರೋಗವಲ್ಲ, ಅದರ ಜೀರ್ಣಕ್ರಿಯೆಯ ಎರಡನೇ ಸುತ್ತು.

ಔಷಧದ ವಿಷಯ ಮಾತ್ರ ಬರೆದಿಟ್ಟುಕೊಳ್ಳಿ. ತಾಲ್ಲೂಕಿನ ಪಶು ಆಸ್ಪತ್ರೆಯ ಡಾಕ್ಟರು ದಿನವಿಡೀ ನೋಡುವುದು ಎಮ್ಮೆ, ಆಕಳು, ಕುರಿ. ಮೊಲ ಅಪರೂಪ. ಪೆನಿಸಿಲಿನ್, ಅಮಾಕ್ಸಿಸಿಲಿನ್ ಜಾತಿಯ ಆಂಟಿಬಯೊಟಿಕ್ ಬಾಯಿಯ ಮೂಲಕ ಕೊಟ್ಟರೆ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಮೊಲವೂ ಸಾಯಬಹುದು. ನಾಯಿಯ ಮೈಯ ಉಣ್ಣಿ ಹುಳಕ್ಕೆ ಹಚ್ಚುವ ಫಿಪ್ರೊನಿಲ್ ಹನಿಯೂ ಮೊಲಕ್ಕೆ ವಿಷ. ಇದನ್ನು ಡಾಕ್ಟರಿಗೆ ವಿನಯದಿಂದ ನೆನಪಿಸಿದರೆ ತಪ್ಪಿಲ್ಲ. ಶಸ್ತ್ರಚಿಕಿತ್ಸೆ, ಹಲ್ಲಿನ ಕೆಲಸ ಬಂದರೆ ಬೀದರಿನ ಪಶುವೈದ್ಯಕೀಯ ಕಾಲೇಜು ನಮಗೆ ಹತ್ತಿರ. 2017ರಲ್ಲಿ ಕಲಬುರಗಿ–ಬೀದರ್ ರೈಲುಮಾರ್ಗ ತೆರೆದ ಮೇಲೆ ದಾರಿಯೂ ಸಲೀಸು. ಹೋಗುವ ಮುನ್ನ ಮೊಲ ನೋಡುವ ಡಾಕ್ಟರು ಯಾವ ದಿನ ಇರುತ್ತಾರೆ ಎಂದು ವಿಚಾರಿಸಿಕೊಳ್ಳಿ.

ಚೆನ್ನಾಗಿ ನೋಡಿಕೊಂಡ ಮೊಲ ಎಂಟು ಹತ್ತು ವರ್ಷ ಬದುಕುತ್ತದೆ. ಇವತ್ತು ಹಠ ಹಿಡಿದ ಐದನೇ ತರಗತಿಯ ಮಗ ಆಗ ಕಾಲೇಜು ಸೇರಿ ಬೇರೆ ಊರಲ್ಲಿರುತ್ತಾನೆ, ಹುಲ್ಲು ಹಾಕುವವರು ಅವನ ಅವ್ವ ಅಪ್ಪ. ಹಾಗಾಗಿ ಮಗನನ್ನಲ್ಲ, ಅವ್ವನನ್ನು ಕೇಳಿ ನಿರ್ಧರಿಸಿ. ಎಲ್ಲರೂ ಒಪ್ಪಿದರೆ, ದೀಪಾವಳಿಯ ಪಟಾಕಿ ಸದ್ದು ಅಡಗಿದ ಮೇಲೆ, ನವೆಂಬರಿನಲ್ಲಿ ಕರೆತನ್ನಿ. ಶಿವರಾತ್ರಿಗೆ ಚಳಿ ಹೋಗುವಷ್ಟರಲ್ಲಿ ಮೂರು ತಿಂಗಳು ಸಿಗುತ್ತವೆ, ಮೊಲ ಮನೆಗೂ ನಿಮ್ಮ ಕತ್ತರಿಗೂ ಹೊಂದಿಕೊಳ್ಳಲು ಅಷ್ಟು ಸಾಕು. ಮಾರ್ಚಿನಿಂದ ಜೂನಿನವರೆಗೆ ಯಾರು ಪುಕ್ಕಟೆ ಕೊಟ್ಟರೂ ತರಬೇಡಿ.